ಗಾಳಿ ಸೋರದ ಪೆಟ್ಟಿಗೆ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಚಿಮ್ಮಡದಲ್ಲಿ ರಾತ್ರಿ ಹೊತ್ತು ಟ್ರ್ಯಾಕ್ಟರುಗಳದೇ ರಾಜ್ಯ. ಎರಡೆರಡು ಟ್ರೇಲರ್ ಕಬ್ಬು ಹೇರಿಕೊಂಡು ಸಮೀರವಾಡಿ ಕಾರ್ಖಾನೆ ಕಡೆ ಹೊರಟ ಗಾಡಿ ಇನ್ನೂ ಊರ ಹೊರಗಿರುವಾಗಲೇ ಅದರ ಹಾಡು ಊರೊಳಗೆ ಬಂದಿರುತ್ತದೆ. ಹಾಡು ಅಂದರೆ ಮಾತಲ್ಲ, ರಾಗವಲ್ಲ, ಬರೀ ‘ಧಂ... ಧಂ’. ನಮ್ಮ ಅಡುಗೆಮನೆ ಗೋಡೆಗೆ ಒರಗಿಸಿಟ್ಟ ಸ್ಟೀಲ್ ತಾಟುಗಳು ಆ ಧಂಗೆ ಝಣಝಣ ಅನ್ನುತ್ತವೆ. ಆಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ‘ಟ್ರ್ಯಾಕ್ಟರ್ ಬಂತು’ ಅನ್ನುವವನು ನಮ್ಮಪ್ಪ.

ಇದರಲ್ಲಿ ಏನು ವಿಶೇಷ ಅನ್ನಬಹುದು. ನಮ್ಮಪ್ಪನಿಗೆ ಬಾಗಿಲು ಬಡಿದರೆ ಕೇಳುವುದಿಲ್ಲ. ಮೊಬೈಲ್ ರಿಂಗಾದರೆ ಕೇಳುವುದಿಲ್ಲ. ಆಜಾನ್ ಆಯಿತೇ ಎಂದು ಕೇಳಿದರೆ ಗಡಿಯಾರ ನೋಡುತ್ತಾನೆ. ಬನಹಟ್ಟಿಯಲ್ಲಿ ಪಾವರ್‌ಲೂಮ್ ನಡೆಸುತ್ತ ಇಪ್ಪತ್ತೆರಡು ವರ್ಷ ಕಳೆದಿದ್ದಾನೆ. ನಾನು ಹತ್ತನೇ ತರಗತಿಯಲ್ಲಿದ್ದಾಗ ಒಂದು ಮುಂಜಾನೆ ‘ಅಪ್ಪಾ, ಸಾಲಿಗೆ ಹೊಂಟೀನಿ’ ಅಂದೆ. ‘ಹಾಲಿಗ್ಯಾಕೋ? ನಿಮ್ಮವ್ವ ಆಗಳೇ ತಂದಾಳ’ ಅಂದ. ಮನೆಯವರೆಲ್ಲ ನಕ್ಕೆವು, ಅವನೂ ನಕ್ಕ. ಆದರೆ ‘ಸ’ ಎಂಬ ಅಕ್ಷರವೇ ಅವನ ಕಿವಿಯಿಂದ ಉದುರಿ ಹೋಗಿದೆ ಎಂಬುದು ಆಗ ನನಗೆ ತಿಳಿದಿರಲಿಲ್ಲ.

ನಾನು ಸಬ್‌ವೂಫರ್ ಪೆಟ್ಟಿಗೆ ಕಟ್ಟಲು ಹೊರಟಿದ್ದು ಅಪ್ಪನಿಗಾಗಿ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಅದು ಸುಳ್ಳು. ನಾನು ಹೊರಟಿದ್ದು ಧಿಮಾಕಿಗೆ. ನಮ್ಮ ದೊಡ್ಡಪ್ಪನ ಮಗ ಅಣ್ಣ ಟ್ರ್ಯಾಕ್ಟರ್ ಹೊಡೆಯುತ್ತಾನೆ. ಅವನ ಗಾಡಿಯಲ್ಲಿ ಹದಿನೈದು ಇಂಚಿನ ನಾಲ್ಕು ಸ್ಪೀಕರ್ ಇವೆ, ಬಣ್ಣಬಣ್ಣದ ಲೈಟು ಬೇರೆ. ಅವನು ಬೇಡವೆಂದು ಬಿಸಾಕಿದ ಹತ್ತು ಇಂಚಿನ ವೂಫರ್ ಒಂದು ನನಗೆ ಸಿಕ್ಕಿತು. ಕಾಗದದ ಶಂಕು ಚೆನ್ನಾಗಿತ್ತು, ಅಂಚಿನ ರಬ್ಬರ್ ಒಂದು ಕಡೆ ಬಿಟ್ಟಿತ್ತು, ಅಂಟಿಸಿಕೊಂಡೆ. ಮನೆಯಲ್ಲಿದ್ದ ಹಳೆಯ ಹೋಂ ಥಿಯೇಟರಿನ ಆಂಪ್ಲಿಫೈಯರಿಗೆ ತಂತಿ ಜೋಡಿಸಿ, ಸ್ಪೀಕರನ್ನು ಹಾಗೇ ಬೋರಲು ಹಾಕದೆ ಕೈಯಲ್ಲಿ ಹಿಡಿದು ಹಾಡು ಹಚ್ಚಿದೆ. ಶಂಕು ಹುಚ್ಚು ಹಿಡಿದಂತೆ ಒಳಗೆ ಹೊರಗೆ ಕುಣಿಯಿತು, ಸದ್ದು ಮಾತ್ರ ಇಲ್ಲ! ತಗಡಿನ ಡಬ್ಬಿಯಲ್ಲಿ ಯಾರೋ ಗೊಣಗಿದ ಹಾಗೆ ಕೇಳಿತು. ಅಣ್ಣ ಕೊಟ್ಟದ್ದು ಕೆಟ್ಟದ್ದೇ ಇರಬೇಕು ಎಂದು ಬೈದುಕೊಂಡೆ.

ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಸರ್‌ಗೆ ಹೇಳಿದೆ. ಅವರು ಉತ್ತರ ಕೊಡಲಿಲ್ಲ. ಬೋರ್ಡಿನ ಮೇಲೆ 340 ಭಾಗಿಸು 50 ಎಂದು ಬರೆದು ‘ಮಾಡು’ ಅಂದರು. 6.8 ಮೀಟರ್. ಅಂದರೆ 50 ಹರ್ಟ್ಸಿನ ಒಂದು ಅಲೆಯ ಉದ್ದ ನಮ್ಮ ಮನೆಯ ಪಡಸಾಲೆಗಿಂತ ದೊಡ್ಡದು. ಶಂಕು ಮುಂದೆ ಹೋದಾಗ ಮುಂದಿನ ಗಾಳಿ ಒತ್ತುತ್ತದೆ, ಅದೇ ಕ್ಷಣಕ್ಕೆ ಹಿಂದಿನ ಗಾಳಿ ಸಡಿಲಾಗುತ್ತದೆ. ಅಲೆ ಇಷ್ಟು ಉದ್ದ, ಸ್ಪೀಕರ್ ಅಗಲ ಬರೀ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಮುಂದಿನ ಒತ್ತಡ ಅಂಚು ಸುತ್ತಿ ಹಿಂದಿನ ಸಡಿಲಿಗೆ ಹೋಗಿ ಸೇರುತ್ತದೆ, ಎರಡೂ ಸೇರಿ ಸೊನ್ನೆ. ಸ್ಪೀಕರ್ ಕೆಟ್ಟಿರಲಿಲ್ಲ. ಅದು ಮಾಡಿದ್ದನ್ನೆಲ್ಲ ಅದೇ ಅಳಿಸಿ ಹಾಕುತ್ತಿತ್ತು. ಹಿಂದಿನ ಗಾಳಿ ಮುಂದಿನ ಗಾಳಿಯನ್ನು ಭೇಟಿಯಾಗದಂತೆ ತಡೆಯಬೇಕು. ಪೆಟ್ಟಿಗೆ ಬೇಕಾಗುವುದು ಇದಕ್ಕೇ.

ಎಷ್ಟು ದೊಡ್ಡ ಪೆಟ್ಟಿಗೆ? ಅಣ್ಣನನ್ನು ಕೇಳಿದರೆ ‘ದೊಡ್ಡದ್ ಮಾಡಪಾ, ದೊಡ್ಡದ್ ಮಾಡಿದಷ್ಟ ಬಡೀತೈತಿ’ ಅಂದ. ಸರ್ ‘ಅಳೆದು ಮಾಡು’ ಅಂದರು. ಈ ಅಳತೆಯ ಲೆಕ್ಕ ಕೊಟ್ಟವರು ಇಬ್ಬರು, ಇಬ್ಬರೂ ಕೆಲಸ ಮಾಡಿದ್ದು ಆಸ್ಟ್ರೇಲಿಯಾದಲ್ಲಿ. 1961ರಲ್ಲಿ ನೆವಿಲ್ ಥೀಲ್ ಒಂದು ಪ್ರಬಂಧ ಬರೆದ. ಅನಂತರ 1972-73ರಲ್ಲಿ ರಿಚರ್ಡ್ ಸ್ಮಾಲ್ ಮುಚ್ಚಿದ ಪೆಟ್ಟಿಗೆಯ ಲೆಕ್ಕವನ್ನು ಪೂರ್ತಿ ಬಿಡಿಸಿಟ್ಟ. ಇಂದಿಗೂ ಸ್ಪೀಕರ್ ಜೊತೆ ಬರುವ ಚೀಟಿಯಲ್ಲಿ ಇರುವ ಅಂಕಿಗಳಿಗೆ ಈ ಇಬ್ಬರದೇ ಹೆಸರು. ನನ್ನ ಸ್ಪೀಕರಿಗೆ ಚೀಟಿ ಎಲ್ಲಿಂದ ಬರಬೇಕು? ಆದ್ದರಿಂದ ನಮ್ಮ ಲ್ಯಾಬಿನಲ್ಲಿ, ಪ್ರಾಯೋಗಿಕ ತರಗತಿ ಮುಗಿದ ಮೇಲೆ ಅಳೆಯಲು ಕುಳಿತೆವು.

ಮಾಡುವ ವಿಧಾನ ಸುಲಭ, ಯಾರು ಬೇಕಾದರೂ ಮಾಡಬಹುದು. ಮೊಬೈಲಿನಿಂದ ಒಂದೇ ಆವೃತ್ತಿಯ ಸ್ವರ ಹೊರಡಿಸಿ, ಆಂಪ್ಲಿಫೈಯರ್ ಮೂಲಕ, 1000 ಓಮ್ ರೋಧಕವೊಂದನ್ನು ಸರಣಿಯಲ್ಲಿ ಹಾಕಿ ಸ್ಪೀಕರಿಗೆ ಕೊಡಬೇಕು. ಸ್ಪೀಕರಿನ ಎರಡು ತುದಿಗೆ ಮಲ್ಟಿಮೀಟರ್. ಆವೃತ್ತಿಯನ್ನು ಒಂದೊಂದೇ ಹರ್ಟ್ಸ್ ಏರಿಸುತ್ತ ಹೋದರೆ ಒಂದು ಕಡೆ ವೋಲ್ಟೇಜ್ ಗುಡ್ಡದಂತೆ ಏರಿ ಇಳಿಯುತ್ತದೆ. ಆ ಗುಡ್ಡದ ತುದಿಯೇ ಅನುರಣನ ಆವೃತ್ತಿ. ನನ್ನದು 36 ಹರ್ಟ್ಸಿಗೆ ಬಂತು. ಗುಡ್ಡದ ಎತ್ತರ, ಅಗಲ ನೋಡಿ ಸರ್ ಇನ್ನೊಂದು ಅಂಕಿ ತೆಗೆದರು, 0.45. ಶಂಕು ಒಮ್ಮೆ ಅಲುಗಿದರೆ ಎಷ್ಟು ಬೇಗ ಸುಮ್ಮನಾಗುತ್ತದೆ ಎಂಬುದರ ಅಳತೆ ಅದು.

ಮೂರನೆಯ ಅಂಕಿಗೆ ಒಂದು ಖಾಲಿ ಬಣ್ಣದ ಬಕೆಟ್ ಬೇಕಾಯಿತು. ಲೀಟರ್ ಅಳತೆಯಿಂದ ನೀರು ಸುರಿದು ನೋಡಿದೆವು, 20 ಲೀಟರ್ ಹಿಡಿಯಿತು. ಒಣಗಿಸಿ, ಬಾಯಿಗೆ ಪ್ಲೈವುಡ್ಡಿನ ಬಳೆ ಕೂರಿಸಿ, ಅದರ ಮೇಲೆ ಸ್ಪೀಕರ್ ಇಟ್ಟು, ಸುತ್ತಲೂ ಹಾಸ್ಟೆಲ್ ಅಡುಗೆಮನೆಯಿಂದ ತಂದ ಚಪಾತಿ ಹಿಟ್ಟು ಮೆತ್ತಿದೆವು. (ಆ ದಿನ ಹಾಸ್ಟೆಲಿನಲ್ಲಿ ನಾಲ್ಕು ಚಪಾತಿ ಕಡಿಮೆಯಾಗಿದ್ದರೆ ಕ್ಷಮೆ ಇರಲಿ.) ಈಗ ಗುಡ್ಡದ ತುದಿ 36ರಿಂದ 68ಕ್ಕೆ ಜಿಗಿಯಿತು. ಯಾಕೆಂದರೆ ಬಕೆಟಿನಲ್ಲಿ ಸಿಕ್ಕಿಬಿದ್ದ ಗಾಳಿ ಸ್ಪ್ರಿಂಗಿನಂತೆ ಶಂಕನ್ನು ತಳ್ಳುತ್ತದೆ. 68ನ್ನು 36ರಿಂದ ಭಾಗಿಸಿ, ವರ್ಗ ಮಾಡಿ, ಒಂದು ಕಳೆದು, 20ರಿಂದ ಗುಣಿಸಿ. ಸುಮಾರು 51 ಬರುತ್ತದೆ. ಅಂದರೆ ಈ ಸ್ಪೀಕರಿನ ರಬ್ಬರು ಬಟ್ಟೆಗಳ ಬಿಗುಪು 51 ಲೀಟರ್ ಗಾಳಿಯ ಬಿಗುಪಿಗೆ ಸಮ. ಮುಚ್ಚಿದ ಪೆಟ್ಟಿಗೆಯಲ್ಲಿ ಸದ್ದು ಅತಿ ಗುಂಯ್‌ಗುಡದೆ, ಬಡಕಲೂ ಆಗದೆ ಇರಬೇಕಾದರೆ ಆ 0.45 ಎಂಬುದು ಪೆಟ್ಟಿಗೆ ಸೇರಿದ ಮೇಲೆ 0.707ರ ಹತ್ತಿರ ಬರಬೇಕು. ಲೆಕ್ಕ ಬಿಡಿಸಿದಾಗ ಬಂದ ಉತ್ತರ 35 ಲೀಟರ್.

ಪ್ಲೈವುಡ್ ಬಡಿಗ್ಯಾರ ಕಾಕಾನ ಅಂಗಡಿಯಲ್ಲಿ ಉಳಿದ ತುಂಡುಗಳು, 18 ಮಿಲಿಮೀಟರ್ ದಪ್ಪದ್ದು. ಒಳಗಿನ ಅಳತೆ 30, 35, 34 ಸೆಂಟಿಮೀಟರ್. ಗುಣಿಸಿದರೆ 35.7 ಲೀಟರ್, ಅದರಲ್ಲಿ ಸ್ಪೀಕರಿನ ಹಿಂಭಾಗ ಮತ್ತು ಒಳಗಿನ ಅಡ್ಡಪಟ್ಟಿ ಸುಮಾರು 2 ಲೀಟರ್ ತಿನ್ನುತ್ತವೆ. ಕಾಕಾ ಹಲಗೆ ಕೊಯ್ದುಕೊಟ್ಟ, ಜೋಡಣೆ ಮಾತ್ರ ನೀನೇ ಮಾಡು ಅಂದ. ಹಿತ್ತಲಿನಲ್ಲಿ ಹಲಗೆ ಹರಡಿಕೊಂಡು ಕುಳಿತಿದ್ದೆ. ಅಪ್ಪ ಕೆಲಸದಿಂದ ಬಂದ, ನಿಂತು ನೋಡಿದ.

‘ಏನದು?’

‘ಸ್ಪೀಕರ್ ಬಾಕ್ಸು’ ಎಂದು ಜೋರಾಗಿ ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನನ್ನ ಕಿವಿ ತಿಂದದ್ದ ಸಾಲಲಿಲ್ಲೇನೋ? ಇನ್ನ ಊರಿನ ಕಿವಿ ತಿನ್ನಾಕ ಡಬ್ಬಿ ಕಟ್ಟಾಕತ್ತಿಯೇನು?’ ಅಂದು ಕೈಕಾಲು ತೊಳೆಯಲು ಹೋದ.

ಅಪ್ಪ ಬೈಯುವ ಮನುಷ್ಯನಲ್ಲ. ಅದಕ್ಕೇ ಮಾತು ನಾಟಿತು. ಹಲಗೆಗಳನ್ನು ಗೋಡೆಗೆ ಒರಗಿಸಿ ಎಂಟು ದಿನ ಮುಟ್ಟಲಿಲ್ಲ.

ಆ ಎಂಟು ದಿನದಲ್ಲಿ ಎರಡು ಕೆಲಸ ಮಾಡಿದೆ. ಒಂದು, ಅಪ್ಪನ ಜೊತೆ ಬನಹಟ್ಟಿಗೆ ಹೋಗಿ ಮಗ್ಗದ ನಡುವೆ ನಿಂತೆ. ಮೊಬೈಲಿನ ಶಬ್ದ ಅಳೆಯುವ ಆ್ಯಪ್ 97, 98 ಡೆಸಿಬಲ್ ತೋರಿಸಿತು. ಮೊಬೈಲನ್ನು ಪೂರ್ತಿ ನಂಬಬಾರದು, ನಿಜ. ಆದರೆ ಪಕ್ಕದಲ್ಲಿ ನಿಂತವನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳುತ್ತಿರಲಿಲ್ಲ. ಅಲ್ಲಿಯವರೆಲ್ಲ ಕೈಸನ್ನೆಯಲ್ಲೇ ಮಾತಾಡುತ್ತಾರೆ. ಕಾರ್ಖಾನೆ ನಿಯಮಗಳಲ್ಲಿ ಎಂಟು ತಾಸಿನ ದುಡಿಮೆಗೆ 90 ಡೆಸಿಬಲ್ ಮಿತಿ ಎಂದಿದೆ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟು ಎಂಬುದನ್ನು ನಾವು ಪರೀಕ್ಷೆಗೆ ಬರೆದಿದ್ದೇವೆ. ಅಲ್ಲಿ ನಿಂತಾಗ ಅದು ಎದೆಗೂಡಿಗೆ ಗೊತ್ತಾಯಿತು.

ಇನ್ನೊಂದು, ಅಪ್ಪ ಹಿಂದೊಮ್ಮೆ ಕಿವಿ ತೋರಿಸಿಕೊಂಡಾಗ ಕೊಟ್ಟಿದ್ದ ಕಾಗದವನ್ನು ಅವ್ವನ ಟ್ರಂಕಿನಿಂದ ತೆಗೆದು ಸರ್‌ಗೆ ಒಯ್ದು ತೋರಿಸಿದೆ. ಅದೊಂದು ನಕ್ಷೆ. 250, 500 ಹರ್ಟ್ಸಿನಲ್ಲಿ ಗೆರೆ ಹೆಚ್ಚು ಕಡಿಮೆ ಸರಿಯಾಗಿಯೇ ಇದೆ. 1000 ದಾಟಿದ ಮೇಲೆ ಜಾರಲು ಶುರು, 4000ದ ಹತ್ತಿರ ಬಾವಿಗೆ ಬಿದ್ದಂತೆ ಕೆಳಗೆ. ಎರಡೂ ಕಿವಿ ಹಾಗೇ. ಗದ್ದಲದಲ್ಲಿ ದುಡಿದವರ ಕಿವಿ ಎಲ್ಲ ದೇಶದಲ್ಲೂ ಮೊದಲು ಈ 4000ದ ಹತ್ತಿರವೇ ಕುಸಿಯುತ್ತದಂತೆ. ‘ಸ’, ‘ಶ’, ‘ತ’, ‘ಕ’ ಇಂಥ ವ್ಯಂಜನಗಳ ಸದ್ದು ಇರುವುದೂ ಮೇಲಿನ ಆವೃತ್ತಿಗಳಲ್ಲೇ. ‘ಸಾಲಿ’ ಯಾಕೆ ‘ಹಾಲಿ’ ಆಯಿತು, ಟ್ರ್ಯಾಕ್ಟರಿನ ಧಂ ಯಾಕೆ ಅವನಿಗೇ ಮೊದಲು ಗೊತ್ತಾಗುತ್ತದೆ, ಎರಡೂ ಆ ಒಂದೇ ಗೆರೆಯಲ್ಲಿತ್ತು.

ಅಪ್ಪ ಚಿಕ್ಕಂದಿನಲ್ಲಿ ಮೊಹರಮ್ಮಿಗೆ ರಿವಾಯತ್ ಹಾಡುತ್ತಿದ್ದನಂತೆ. ಊರ ಪ್ರಭುಲಿಂಗೇಶ್ವರ ಜಾತ್ರೆಯಲ್ಲಿ ಕರಡಿ ಮಜಲು ಬಂದರೆ ಊಟ ಬಿಟ್ಟು ಅದರ ಹಿಂದೆ ಸುತ್ತುತ್ತಿದ್ದನಂತೆ. ಈಗ ಮನೆಯಲ್ಲಿ ಹಾಡು ಹಚ್ಚಿದರೆ ಎದ್ದು ಹೊರಗೆ ಹೋಗುತ್ತಾನೆ. ಸಣ್ಣ ದನಿಯಲ್ಲಿ ಇಟ್ಟರೆ ಏನೂ ಕೇಳದು, ಜೋರು ಮಾಡಿದರೆ ಕಿವಿ ಹರಿದಂತೆ ಆಗುತ್ತದೆ ಅನ್ನುತ್ತಾನೆ. ಕೆಳಗಿನ ಸ್ವರಗಳು ಅವನಿಗೆ ಕೇಳುತ್ತವಲ್ಲ, ಅವನ್ನು ಚೊಕ್ಕವಾಗಿ ಕೊಟ್ಟರೆ ಒಂದು ಕರಡಿ ಮಜಲಾದರೂ ಕೂತು ಕೇಳಿಯಾನು ಅನ್ನಿಸಿತು. ಒಂಬತ್ತನೇ ದಿನ ಹಲಗೆ ತೆಗೆದೆ.

ಇಲ್ಲಿ ಇನ್ನೊಬ್ಬನ ಮಾತು ಹೇಳಲೇಬೇಕು. ಮುಚ್ಚಿದ ಪೆಟ್ಟಿಗೆಯ ಗಾಳಿಯನ್ನೇ ಸ್ಪ್ರಿಂಗ್ ಮಾಡಿಕೊಳ್ಳುವ ಉಪಾಯ ಕಂಡುಹಿಡಿದವನು ಅಮೆರಿಕದ ಎಡ್ಗರ್ ವಿಲ್ಚರ್. 1954ರಲ್ಲಿ ಹೆನ್ರಿ ಕ್ಲಾಸ್ ಜೊತೆ ಸೇರಿ ಕಂಪನಿ ಕಟ್ಟಿ, ಎಆರ್-1 ಎಂಬ ಸ್ಪೀಕರ್ ತಂದ. ಅಲ್ಲಿಯವರೆಗೆ ಒಳ್ಳೆಯ ಕೆಳಸ್ವರ ಬೇಕಾದರೆ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಬೇಕಿತ್ತು, ಅವನದು ಪುಸ್ತಕದ ಕಪಾಟಿನ ಮೇಲೆ ಕೂರುತ್ತಿತ್ತು. ಶಂಕಿನ ಅಂಚು ತುಂಬ ಸಡಿಲ ಇರಬೇಕಿತ್ತು, ಅಂಥದ್ದು ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಮೊದಲ ಮಾದರಿಗೆ ಅವನ ಹೆಂಡತಿ ರೋಸ್‌ಮೇರಿ ಗಾದಿಯ ಬಟ್ಟೆ ಕತ್ತರಿಸಿ ಹೊಲಿದುಕೊಟ್ಟಳು. ಇದನ್ನು ಓದಿದಾಗ ನನಗಾದ ಖುಷಿ ಹೇಳತೀರದು, ಯಾಕೆಂದರೆ ನಾವು ಪಿಂಜಾರರು. ನಮ್ಮಜ್ಜ ಬಿಲ್ಲು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಅರಳೆ ಹಿಂಜಿ ಗಾದಿ ತುಂಬಿದವನು. ವಿಲ್ಚರ್ ಆಮೇಲೆ ಸ್ಪೀಕರ್ ಉದ್ಯೋಗ ಬಿಟ್ಟು, ಕೇಳಿಸದವರಿಗೆ ಶ್ರವಣಯಂತ್ರ ಹೇಗಿರಬೇಕು ಎಂಬ ಸಂಶೋಧನೆಗೆ ಇಳಿದ. ಸಣ್ಣ ಸದ್ದು ಕೇಳದು, ದೊಡ್ಡದು ತಾಳಲಾಗದು ಎಂಬ ನಮ್ಮಪ್ಪನಂಥವರ ಕಿವಿಗೆ ಪ್ರತಿ ಆವೃತ್ತಿ ಭಾಗದಲ್ಲೂ ಸಣ್ಣದನ್ನು ಹೆಚ್ಚು, ದೊಡ್ಡದನ್ನು ಕಡಿಮೆ ಏರಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿದ. ಪೇಟೆಂಟ್ ಮಾಡಿಸಲಿಲ್ಲ, ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟ.

ಪೆಟ್ಟಿಗೆಗೆ ಬರೋಣ. ಹಲಗೆಯ ಅಂಚಿಗೆ ಫೆವಿಕಾಲ್ ಧಾರಾಳ ಹಚ್ಚಿ, ಸ್ಕ್ರೂ ಬಿಗಿದು, ಹೊರಬಂದ ಅಂಟನ್ನು ಬೆರಳಿನಿಂದ ಸಂದಿಗೆ ತೀಡಿದೆ. ಒಳಮೂಲೆಗಳಿಗೆ ಕಟ್ಟಿಗೆಪುಡಿ ಮತ್ತು ಫೆವಿಕಾಲ್ ಕಲಸಿದ ಮುದ್ದೆ. ತಂತಿ ಹೊರಬರುವ ತೂತಿಗೆ ಎಂ-ಸೀಲ್. ಸ್ಪೀಕರಿನ ಚೌಕಟ್ಟಿನ ಕೆಳಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಬಳೆ ಮಾಡಿ ಹಾಕಿದೆ. ಸಿಲಿಕೋನ್ ಬಳಸುವವರು ಒಂದು ನೆನಪಿಡಿ. ವಿನೆಗರ್ ವಾಸನೆ ಬರುವ ಜಾತಿಯದಾದರೆ ಅದು ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಸ್ಪೀಕರ್ ಕೂರಿಸಬೇಡಿ, ಒಳಗೆ ಸಿಕ್ಕಿಬಿದ್ದ ಆವಿ ಸ್ಪೀಕರಿನ ಲೋಹ ಮತ್ತು ಅಂಟಿಗೆ ಒಳ್ಳೆಯದಲ್ಲ.

ಇಷ್ಟು ಬಿಗಿ ಯಾಕೆ ಬೇಕು ಎಂದು ನನ್ನ ಬೆಂಚಿನ ಗೆಳೆಯ ಕೇಳಿದ. ಲೆಕ್ಕ ಹಾಕಿ ತೋರಿಸಿದೆ. ಹತ್ತು ಇಂಚಿನ ಶಂಕಿನ ವಿಸ್ತೀರ್ಣ ಸುಮಾರು 330 ಚದರ ಸೆಂಟಿಮೀಟರ್. ಅರ್ಧ ಸೆಂಟಿಮೀಟರ್ ಒಳಗೆ ಹೋದರೆ 165 ಘನ ಸೆಂಟಿಮೀಟರ್ ಗಾಳಿ ಒತ್ತುತ್ತದೆ. ಮೂವತ್ತೈದು ಸಾವಿರದಲ್ಲಿ ನೂರ ಅರವತ್ತೈದು ಏನು ಮಹಾ ಅನ್ನಿಸಬಹುದು. ಆದರೆ ಅಷ್ಟಕ್ಕೇ ಒತ್ತಡ ಸುಮಾರು 670 ಪಾಸ್ಕಲ್ ಏರಿ, 30ಕ್ಕೆ 35ರ ಒಂದು ಹಲಗೆಯ ಮೇಲೆ ಸುಮಾರು 7 ಕಿಲೋ ಭಾರ ಬೀಳುತ್ತದೆ. ಏಳು ಕಿಲೋ ಜೋಳದ ಚೀಲವನ್ನು ಸೆಕೆಂಡಿಗೆ 50 ಸಲ ಒಗೆದು ತೆಗೆದ ಹಾಗೆ. ಸೂಜಿಯಷ್ಟು ಸಂದಿ ಇದ್ದರೂ ಗಾಳಿ ಅಲ್ಲಿಂದ ಹೊರಗೆ ನುಗ್ಗುತ್ತದೆ.

ನುಗ್ಗಿತು ಕೂಡ. ಎಲ್ಲ ಮುಗಿಸಿ ಗುಡ್ಡ ಅಳೆದರೆ ಲೆಕ್ಕದ ಪ್ರಕಾರ 57 ಹರ್ಟ್ಸಿನಲ್ಲಿ ಚೂಪಾದ ತುದಿ ಬರಬೇಕಿತ್ತು. ಬಂದದ್ದು ಎತ್ತಿನ ಬೆನ್ನಿನಂಥ ಚಪ್ಪಟೆ ದಿಬ್ಬ. 40 ಹರ್ಟ್ಸ್ ಹಚ್ಚಿ ಕಿವಿಗೊಟ್ಟರೆ ಎಲ್ಲೋ ‘ಫುಸ್, ಫುಸ್’. ಎಲ್ಲಿ? ಮುಂದೆ ಅಂದರೆ ಮುಂದೆ, ಹಿಂದೆ ಅಂದರೆ ಹಿಂದೆ. ಊದುಬತ್ತಿ ಹಚ್ಚಿ ಸಂದಿಗಳ ಗುಂಟ ಹಿಡಿದೆ, ಹಿತ್ತಲ ಗಾಳಿಗೆ ಹೊಗೆ ಬೇಕಾದ ಕಡೆಯೆಲ್ಲ ಕುಣಿಯಿತು. ಅಸರ್ ನಮಾಜಿಗೆ ಹೋಗಿ ಬಂದು ಮತ್ತೆ ಕುಳಿತೆ. ಸಂಜೆಯಾಗುತ್ತ ಬಂತು, ಎಲ್ಲ ಸಂದಿಗೂ ಮತ್ತೊಮ್ಮೆ ಮುದ್ದೆ ಬಳಿದೆ, ಫುಸ್ ನಿಲ್ಲಲಿಲ್ಲ. ಅಳು ಬರುವುದೊಂದು ಬಾಕಿ.

ಅಪ್ಪ ಬಂದು ಪಕ್ಕದಲ್ಲಿ ಕುಂತ. ಅವನಿಗೆ ಫುಸ್ ಕೇಳುವ ಪ್ರಶ್ನೆಯೇ ಇಲ್ಲ. ‘ಏನ್ ಹುಡಕಾಕತ್ತಿ?’ ಅಂದ. ಗಾಳಿ ಸೋರುತ್ತಿದೆ ಎಂದು ಕೈಸನ್ನೆ ಮಾಡಿದೆ. ಅಂಗಿಯ ಮೇಲೆ ಕೈಯಾಡಿಸಿ ಒಂದು ನೂಲಿನೆಳೆ ಕಿತ್ತುಕೊಂಡ. ನೇಕಾರನ ಅಂಗಿಯ ಮೇಲೆ ನೂಲಿಗೇನು ಬರ. ಗೇಣುದ್ದದ ಆ ಎಳೆಯನ್ನು ಎರಡು ಬೆರಳಲ್ಲಿ ಇಳಿಬಿಟ್ಟು, ಇನ್ನೊಂದು ಕೈಯನ್ನು ಗಾಳಿಗೆ ಅಡ್ಡ ಹಿಡಿದು, ಸಂದಿಯ ಗುಂಟ ಮೆಲ್ಲಗೆ ಸರಿಸುತ್ತ ಹೋದ. ಮಗ್ಗದ ಮೇಲೆ ಹರಿದ ಎಳೆ ಹುಡುಕುವಾಗಿನ ಅದೇ ನಿಧಾನ. ಹಿಂದಿನ ಹಲಗೆಯ ಕೆಳಗಿನ ಎಡಮೂಲೆಗೆ ಬಂದಾಗ ಎಳೆ ನಡುಗಲು ಹತ್ತಿತು. ಸ್ಕ್ರೂ ಬಿಗಿಯುವಾಗ ಪ್ಲೈವುಡ್ಡಿನ ಪದರವೇ ಸೀಳಿತ್ತು. ನಾನು ಸಂದಿಗೆ ಬಳಿಯುತ್ತಿದ್ದೆ, ಸೋರುತ್ತಿದ್ದುದು ಹಲಗೆಯ ಹೊಟ್ಟೆಯೊಳಗಿಂದ.

‘ಇಲ್ಲೈತಿ ನೋಡು’ ಅಂದ. ಬೈದದ್ದು ಇಬ್ಬರಿಗೂ ಮರೆತಿತ್ತೋ, ಮರೆತಂತೆ ಮಾಡಿದೆವೋ.

ಸ್ಕ್ರೂ ಬಿಚ್ಚಿ, ಸೀಳಿನೊಳಗೆ ಅಂಟು ಇಳಿಸಿ, ಒಂದು ರಾತ್ರಿ ಕಲ್ಲು ಹೇರಿ ಒಣಗಿಸಿದೆ. ಮರುದಿನ ತುದಿ 57ಕ್ಕೇ ಬಂತು. ಶಂಕನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ಬಿಟ್ಟರೆ ಮೊದಲಿನಂತೆ ಟಪ್ಪನೆ ಜಿಗಿಯದೆ ಮೆತ್ತಗೆ ಹೊರಬರುತ್ತಿತ್ತು.

ಇನ್ನು ಅರಳೆ. ಪೆಟ್ಟಿಗೆಯೊಳಗೆ ತುಂಬಲು ಪಾಲಿಯೆಸ್ಟರ್ ಹತ್ತಿ ಕೊಳ್ಳುವವನಿದ್ದೆ, ಅಜ್ಜ ಕೇಳಿ ಸಿಟ್ಟಾದ. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬಿಲ್ಲು ತೆಗೆಸಿದ. ಎಂಬತ್ತರ ಹತ್ತಿರದ ಕೈ, ಆದರೂ ಬಡಿಗೆ ತಂತಿಗೆ ತಾಗಿದ್ದೇ ‘ಢಂಯ್’ ಎಂದು ಹಿತ್ತಲೆಲ್ಲ ತುಂಬಿತು. ಅರ್ಧ ಕಿಲೋ ಹಳೆಯ ಗಾದಿಯ ಅರಳೆ ನೋಡನೋಡುತ್ತ ಬುಟ್ಟಿಯಷ್ಟು ಉಬ್ಬಿತು. ‘ಗಿಚ್ಚಿ ತುಂಬಬ್ಯಾಡ. ಉಸುರಾಡುವಂಗ ತುಂಬು’ ಅಂದ. ಹಳೆಯ ಸೊಳ್ಳೆಪರದೆಯಲ್ಲಿ ತೆಳ್ಳಗೆ ಹೊಲಿದು ಒಳಗೋಡೆಗೆ ಮೊಳೆ ಹೊಡೆದೆವು, ಇಲ್ಲದಿದ್ದರೆ ಅರಳೆ ದಿನ ಹೋದಂತೆ ಕೆಳಗೆ ಕುಸಿದು ಕೂರುತ್ತದೆ.

ಪ್ರಥಮ ಪಿಯುಸಿಯವರಿಗೆ ಇಲ್ಲೊಂದು ಮಜಾ ಇದೆ. ಶಬ್ದದ ವೇಗ ಲೆಕ್ಕ ಹಾಕುವಾಗ ನ್ಯೂಟನ್ ಗಾಳಿಯ ಉಷ್ಣತೆ ಬದಲಾಗುವುದಿಲ್ಲ ಎಂದುಕೊಂಡ, 280 ಬಂತು. ಲಾಪ್ಲಾಸ್ ಬಂದು, ಒತ್ತಿದಾಗ ಗಾಳಿ ಬಿಸಿಯಾಗುತ್ತದೆ, ಆ ಬಿಸಿಗೆ ಹೊರಹೋಗಲು ಸಮಯವಿಲ್ಲ ಎಂದು ತಿದ್ದಿದ, 331 ಬಂತು. ನಾವೆಲ್ಲ ನ್ಯೂಟನ್ ತಪ್ಪಿದ ಕಥೆಯೆಂದು ಬಾಯಿಪಾಠ ಮಾಡಿದ್ದೇವೆ. ಅರಳೆ ತುಂಬಿದ ಪೆಟ್ಟಿಗೆಯೊಳಗೆ ನ್ಯೂಟನ್ನನೇ ಅರ್ಧ ಸರಿಯಾಗುತ್ತಾನೆ! ಒತ್ತಿದ ಗಾಳಿಯ ಬಿಸಿಯನ್ನು ಎಳೆಗಳು ಹೀರಿಕೊಳ್ಳುತ್ತವೆ, ಸಡಿಲಾದಾಗ ತಿರುಗಿ ಕೊಡುತ್ತವೆ. ಗಾಳಿಯ ಸ್ಪ್ರಿಂಗ್ ಮೆತ್ತಗಾಗಿ, ಪೆಟ್ಟಿಗೆ ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾದಂತೆ ವರ್ತಿಸುತ್ತದೆ. ನಮ್ಮ ತುದಿ 57ರಿಂದ 54ಕ್ಕೆ ಇಳಿಯಿತು. ತಿರುಗಿ ಲೆಕ್ಕ ಹಾಕಿದರೆ ಪೆಟ್ಟಿಗೆ ಐದರಲ್ಲಿ ಒಂದು ಪಾಲು ಬೆಳೆದಂತಾಯಿತು. ಅಜ್ಜನಿಗೆ ಹೇಳಿದೆ. ‘ಅರಳಿ ತುಂಬಿದ ಗಾದಿ ಬೆಚ್ಚಗಿರ್ತೈತಿ ಅಂತ ನನಗ ನಿನ್ನ ಕಾಲೇಜ್ ಹೇಳಬೇಕೇನು’ ಅಂದ.

ಶುಕ್ರವಾರ ಮಧ್ಯಾಹ್ನ, ಜುಮಾ ಮುಗಿಸಿ ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರೂ ಕುಳಿತೆವು. ಮಾಮೂಲಿ ಎರಡು ಸಣ್ಣ ಸ್ಪೀಕರ್, ನಡುವೆ ನನ್ನ ಪೆಟ್ಟಿಗೆ. ಮೊಬೈಲಿನಲ್ಲಿದ್ದ ಕರಡಿ ಮಜಲಿನ ಧ್ವನಿಮುದ್ರಣ ಹಚ್ಚಿದೆ. ಕರಡಿಯ ಮೊದಲ ಪೆಟ್ಟು ಬಿದ್ದದ್ದೇ ತಾಟುಗಳು ಝಣ್ ಎಂದವು. ಟ್ರ್ಯಾಕ್ಟರಿನ ಗುಂಯ್‌ಗುಡುವ ಧಂ ಅಲ್ಲ. ಪೆಟ್ಟು ಬಿತ್ತು, ನಿಂತಿತು, ಮುಂದಿನದು ಬಿತ್ತು. ಚರ್ಮದ ಮೇಲೆ ಕೋಲು ಆಡಿದ್ದು ಬೇರೆಬೇರೆ ಗೊತ್ತಾಗುತ್ತಿತ್ತು. ಅಪ್ಪನ ಹೆಬ್ಬೆರಳು ಮೊಣಕಾಲ ಮೇಲೆ ಲಯ ಹಿಡಿಯಿತು. ನಾನು ಅವ್ವನ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಹುರುಪಿನಲ್ಲಿ ವೂಫರಿನ ಗುಂಡಿಯನ್ನು ಇನ್ನಷ್ಟು ತಿರುಗಿಸಿದೆ.

ಸ್ವಲ್ಪ ಹೊತ್ತಿಗೆ ಅಪ್ಪ ಕತ್ತು ಓರೆ ಮಾಡಿ ಕೇಳಿದ. ‘ಕರಡಿ ಐತಿ. ಸನಾದಿಯವ ಎಲ್ಲಿ? ಓಣಿ ಆಚೆ ನಿಂತಾನೇನು?’

ಸನಾದಿ ನಮಗೆಲ್ಲ ಕಣ್ಣೆದುರೇ ಬಾರಿಸಿದಂತೆ ಕೇಳುತ್ತಿತ್ತು. ಯಾರೂ ಮಾತಾಡಲಿಲ್ಲ. ನನ್ನ ತಲೆಯಲ್ಲಿ ಆ ನಕ್ಷೆಯ ಗೆರೆ ಬಂತು. 35 ಲೀಟರ್, 18 ಮಿಲಿಮೀಟರ್, ಸೈಕಲ್ ಟ್ಯೂಬ್, ಎಲ್ಲ ಸರಿ, ಆದರೆ ಆ ಗೆರೆ ಕುಸಿದ ಕಡೆಗೆ ನನ್ನ ಪೆಟ್ಟಿಗೆಯ ಸದ್ದು ಹೋಗುವುದೇ ಇಲ್ಲ.

ಅಪ್ಪನೇ ಎದ್ದು ಬಂದ. ಯಾವ ಗುಂಡಿ ಯಾವುದಕ್ಕೆ ಎಂದು ಕೇಳಿ, ವೂಫರಿನ ಗುಂಡಿಯನ್ನು ತಿರುವಿ ತಿರುವಿ ಇಳಿಸಿದ. ಅರ್ಧಕ್ಕಿಂತ ಕೆಳಗೆ. ಇನ್ನೂ ಕೆಳಗೆ. ಒಂದು ಕಡೆ ಕೈ ನಿಲ್ಲಿಸಿದ. ‘ಈಗ ಬಂದ’ ಅಂದ. ‘ಕಟ್ಟೀ ಮ್ಯಾಲ ಬಂದು ಕುಂತ.’

ಸೋಮವಾರ ಸರ್‌ಗೆ ಹೇಳಿದಾಗ ಅವರಿಗೆ ಆಶ್ಚರ್ಯವಾಗಲಿಲ್ಲ. ಕೆಳಗಿನ ಸ್ವರ ಜೋರಾದರೆ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುತ್ತದೆ, ಕಿವಿಯ ಒಳರಚನೆಯೇ ಹಾಗೆ, ಮೊದಲೇ ಸೋತ ಕಿವಿಯಲ್ಲಿ ಅದು ಇನ್ನೂ ಹೆಚ್ಚು ಎಂದರು. ಕರಡಿಯನ್ನು ಇಳಿಸಿದ್ದರಿಂದ ಅಪ್ಪನ ಕಿವಿಯಲ್ಲಿ ಉಳಿದಿದ್ದ ಚೂರುಪಾರು ಸನಾದಿ ಮೇಲೆ ಬಂದಿತ್ತು. ಎಂಟು ವಾರ ಕಷ್ಟಪಟ್ಟು ಕಟ್ಟಿದ ಪೆಟ್ಟಿಗೆ ಈಗ ಮೂರನೇ ಒಂದು ಪಾಲು ದನಿಯಲ್ಲಿ ನಡೆಯುತ್ತದೆ. ಅಪ್ಪ ಗುಂಡಿಯ ಪಕ್ಕ ತನ್ನ ಗುರುತಿಗೆ ಒಂದು ಕೆಂಪು ನೂಲು ಅಂಟಿಸಿದ್ದಾನೆ. ಅದನ್ನು ದಾಟಲು ಮನೆಯಲ್ಲಿ ಯಾರಿಗೂ ಪರವಾನಗಿ ಇಲ್ಲ.

ಅಣ್ಣ ಒಂದು ಸಂಜೆ ಬಂದು ಕೇಳಿದ. ‘ಇಷ್ಟೇನಾ?’ ಅಂದ. ಕೆಂಪು ನೂಲು ತೋರಿಸಿದೆ, ನಕ್ಕು ಹೋದ. ಹೋಗುವಾಗ ನೂಲಿನೆಳೆಯಿಂದ ಸೋರಿಕೆ ಹುಡುಕುವುದು ಹೇಗೆಂದು ಮಾತ್ರ ಅಪ್ಪನಿಂದ ಕಲಿತುಕೊಂಡು ಹೋದ.

ಕಳೆದ ತಿಂಗಳು ಜಮಖಂಡಿಯಿಂದ ಕಿವಿಗೆ ಹಾಕುವ ಸ್ಪಂಜಿನ ಬಿರಡೆ ಒಂದು ಜೊತೆ ತಂದುಕೊಟ್ಟೆ. ಅಪ್ಪ ಇಷ್ಟು ವರ್ಷ ಕಿವಿಗೆ ಅರಳೆ ತುರುಕಿಕೊಳ್ಳುತ್ತಿದ್ದ. ಪೆಟ್ಟಿಗೆಗೆ ಅಷ್ಟು ಉಪಕಾರ ಮಾಡಿದ ಅರಳೆ ಕಿವಿಗೆ ಏನೇನೂ ಸಾಲದು, ಗಾಳಿ ಅದರೊಳಗಿಂದ ಹಾದುಹೋಗುತ್ತದೆ. ಹಿಚುಕಿ ಒಳಗೆ ಇಡುವುದು, ಉಬ್ಬಿ ಕೂರುವವರೆಗೆ ಬೆರಳಿನಿಂದ ಒತ್ತಿ ಹಿಡಿಯುವುದು ತೋರಿಸಿಕೊಟ್ಟೆ. ಕೆಲಸದ ಹೊತ್ತಿಗೆ ಹಾಕುತ್ತಾನೋ ಇಲ್ಲವೋ ಎಂದು ಒಂದು ದಿನ ಮಗ್ಗಕ್ಕೆ ಹೋಗಿ ನೋಡಿದೆ. ಎಡಗಿವಿಯಲ್ಲಿ ಇತ್ತು, ಬಲಗಿವಿ ಖಾಲಿ. ಇನ್ನೊಂದು ಎಲ್ಲಿ ಎಂದು ಸನ್ನೆ ಮಾಡಿದೆ. ಅಂಗಿಯ ಜೇಬು ತಟ್ಟಿ ತೋರಿಸಿದ. ಹೊರಗೆ ಬಂದ ಮೇಲೆ ಹೇಳಿದ, ‘ಎಳಿ ಹರಿದ್ರ ಮಗ್ಗದ ದನಿ ಬದಲಾಗ್ತೈತಿ. ಅದನ್ನ ಕೇಳಾಕ ಒಂದ್ ಕಿವಿ ಬೇಕೋ.’